ಸೂಜಿಯಕ್ಕನ ತೀರ್ಮಾನ

ಮಂಚ ಬಾಗಿಲಲ್ಲಿ ಸಿಕ್ಕಿಹಾಕಿಕೊಂಡಿತು.

"ಓರೆ ಮಾಡೋ, ಓರೆ. ನಿನ್ನ ಕಡೆ ಸ್ವಲ್ಪ ಎತ್ತು," ಎಂದ ಸೋದರಮಾವ, ಕೋಣೆಯ ಒಳಗಿನಿಂದ.

"ಎತ್ತಿದೀನಲ್ಲ ಮಾವ, ಇನ್ನೆಷ್ಟು ಎತ್ತಲಿ?" ಹಾಲಿನ ಕಡೆಯಿದ್ದ ಮಗನ ಹೆಬ್ಬೆರಳು ಮಂಚಕ್ಕೂ ಬಾಗಿಲ ಚೌಕಟ್ಟಿಗೂ ನಡುವೆ ಜಜ್ಜಿಹೋಗುತ್ತಿತ್ತು.

"ಮೊದಲು ಅದರ ಕಾಲು ಬಿಚ್ಚಬೇಕಿತ್ತು. ನಾನು ಆಗಲೇ ಹೇಳಿದೆ," ಎಂದರು ಯಜಮಾನರು, ಕುರ್ಚಿಯಿಂದ ಏಳದೆ.

"ಯಾವಾಗ ಹೇಳಿದ್ರಿ ಅಪ್ಪ?"

"ಹೇಳಿದೆ. ನಿಮ್ಮ ಗಲಾಟೇಲಿ ಯಾರಿಗೆ ಕೇಳ್ಸುತ್ತೆ?"

ಹೊರಗೆ ಗೇಟಿನ ಮುಂದೆ ಆಸ್ಪತ್ರೆಯ ವ್ಯಾನು ಹಿಂಬಾಗಿಲು ತೆರೆದುಕೊಂಡು ನಿಂತಿತ್ತು. ಆ ಮನೆಯ ತಾಯಿ ಅದರೊಳಗೆ ಬಿಳಿ ಬಟ್ಟೆ ಹೊದ್ದು ಮಲಗಿದ್ದಳು. ಅವಳನ್ನು ಎಲ್ಲಿ ಇಳಿಸಬೇಕೆಂಬುದು ಇನ್ನೂ ಇತ್ಯರ್ಥವಾಗಿರಲಿಲ್ಲ. ಡ್ರೈವರು ಎರಡು ಸಲ ಗಡಿಯಾರ ನೋಡಿಕೊಂಡು, ಮೂರನೆಯ ಸಲ ನೇರವಾಗಿ ಮಗಳ ಮುಖವನ್ನೇ ನೋಡಿದ.

ಮಗಳು ಒಳಗೆ ಬಂದು, ಗೋಡೆಗೆ ಒರಗಿಸಿಟ್ಟಿದ್ದ ಹಾಸಿಗೆಯನ್ನು ಎಳೆದು ಹಾಲಿನ ನಡುವೆ ನೆಲದ ಮೇಲೆ ಹಾಸಿದಳು. "ಮಂಚ ಅಲ್ಲೇ ಸಾಯಲಿ. ಅಮ್ಮನ್ನ ಕರ್ಕೊಂಡು ಬನ್ನಿ," ಎಂದಳು.

ಮಂಚ ಅರ್ಧ ಒಳಗೆ ಅರ್ಧ ಹೊರಗೆ ಬಾಗಿಲಲ್ಲೇ ಉಳಿಯಿತು. ಆ ದಿನವೆಲ್ಲ ಕೋಣೆಗೆ ಹೋಗಬೇಕಾದವರು ಬಗ್ಗಿ ಅದರ ಅಡಿಯಲ್ಲಿ ನುಸುಳಬೇಕಾಯಿತು.

ಬೀದಿಯವರಿಗೆ ತೀರಿಕೊಂಡವಳು ಸೂಜಿಯಕ್ಕ. ಮುದ್ರಣಾಲಯವೊಂದರ ಬೈಂಡಿಂಗ್ ವಿಭಾಗದಲ್ಲಿ ಮೂವತ್ತೊಂದು ವರ್ಷ ಪುಸ್ತಕಗಳ ಬೆನ್ನು ಹೊಲಿದವಳು. ಜೊತೆಯ ಹೆಂಗಸರು ಇಟ್ಟ ಹೆಸರು ಅವಳ ಹಿಂದೆಯೇ ಬಸ್ಸು ಹತ್ತಿ ಮನೆಯವರೆಗೂ ಬಂದುಬಿಟ್ಟಿತ್ತು. ಯಜಮಾನರು ಬಸ್ ಡಿಪೋದಲ್ಲಿ ಟೈಂಕೀಪರ್ ಆಗಿದ್ದವರು. ಅವರ ಸಹಿ ಬೀಳದೆ ಒಂದು ಬಸ್ಸೂ ಗೇಟು ದಾಟುತ್ತಿರಲಿಲ್ಲ ಎಂಬುದನ್ನು ನಿವೃತ್ತರಾಗಿ ಹದಿನೈದು ವರ್ಷವಾದ ಮೇಲೂ ಅವರು ಮರೆತಿರಲಿಲ್ಲ. ಬೇರೆಯವರಿಗೆ ಮರೆಯಲು ಬಿಟ್ಟಿರಲೂ ಇಲ್ಲ.

ಹತ್ತು ಗಂಟೆಗೆಲ್ಲ ಹಾಲು ತುಂಬಿತು. ಎದುರು ಮನೆಯ ಟೈಲರು ಬಂದು, ಚಪ್ಪಲಿ ಬಿಟ್ಟು, ಸ್ವಲ್ಪ ಹೊತ್ತು ಕೈಕಟ್ಟಿ ನಿಂತು, ಆಮೇಲೆ ಟೈಂಕೀಪರರ ಪಕ್ಕದ ಕುರ್ಚಿಯಲ್ಲಿ ಕೂತ.

"ಏನಾಗಿತ್ತು?"

"ನ್ಯುಮೋನಿಯಾ," ಎಂದ ಮಗ. "ಜ್ವರ ಅಂತ ಮಲಗಿದ್ದು. ಐದೇ ದಿನ."

"ಅದಕ್ಕೇನೋ ಹೊಸ ಲಸಿಕೆ ಬಂದಿದೆಯಂತಲ್ಲ? ನನ್ನ ಸೊಸೆ ಎಳ್ಕೊಂಡು ಹೋಗಿ ನನಗೆ ಹಾಕಿಸಿದ್ಳು."

ಮನೆಯ ಮೂವರು ಗಂಡಸರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಆಮೇಲೆ ಮೂವರೂ ಒಟ್ಟಿಗೆ ಮಾತಾಡಿದರು.

"ನಾನು ಮೊದಲನೇ ದಿನವೇ ಹೇಳಿದ್ದೆ, ಹಾಕಿಸ್ಕೊ ಅಕ್ಕ ಅಂತ," ಎಂದ ಸೋದರಮಾವ. "ಔಷಧಿ ಅಂಗಡಿ ಇಟ್ಕೊಂಡಿರೋನು ನಾನು. ಆದ್ರೂ ನನ್ನ ಮಾತಿಗೆ ಬೆಲೆ ಇದ್ರೆ ತಾನೇ?"

"ನಾನು ಕರ್ಕೊಂಡು ಹೋಗ್ತೀನಿ ಅಂದಿದ್ದೆ. ನನಗೆ ರಜ ಇರೋದು ಭಾನುವಾರ, ಭಾನುವಾರ ಕ್ಲಿನಿಕ್ಕು ಬಾಗಿಲು ಹಾಕಿರುತ್ತೆ," ಎಂದ ಮಗ.

ಟೈಂಕೀಪರು ಬಸ್ಸು ನಿಲ್ಲಿಸುವವರಂತೆ ಕೈಯೆತ್ತಿ ಇಬ್ಬರನ್ನೂ ತಡೆದರು. "ಅದು ಅವಳ ತೀರ್ಮಾನ. ಡಾಕ್ಟ್ರೇ ನನ್ನೆದುರಿಗೆ ಹೇಳಿದ್ರು, ತೀರ್ಮಾನ ಅವರದು ಅಂತ. ನಾನು ಬಾಯಿ ಹಾಕಲಿಲ್ಲ. ಎಂಟು ತಿಂಗಳು ಯೋಚನೆ ಮಾಡಿದಳು. ಏನು ಮಾಡೋದು ಹೇಳಿ, ತೀರ್ಮಾನ ಮಾಡಿ ಅಭ್ಯಾಸ ಇಲ್ಲದವಳು."

ಟೈಲರು ಹೌದೆನ್ನುವಂತೆ ತಲೆಯಾಡಿಸಿದ. ಬಂದವರೆಲ್ಲ ಏನಾಗಿತ್ತು ಎಂದೇ ಕೇಳಿದರು, ಎಲ್ಲರಿಗೂ ಅದೇ ಉತ್ತರ ಸಿಕ್ಕಿತು. ತಾಯಿಯ ತಲೆಯ ಬಳಿ ಕೂತಿದ್ದ ಮಗಳು ಹನ್ನೆರಡು ಗಂಟೆಯೊಳಗೆ ಅದನ್ನು ಹದಿನಾಲ್ಕು ಸಲ ಕೇಳಿಸಿಕೊಂಡಳು. ಒಂದೊಂದು ಸಲಕ್ಕೂ ಆ ಮಾತು ಇನ್ನಷ್ಟು ನುಣುಪಾಗುತ್ತ ಬಂತು. ಕೊನೆಕೊನೆಗೆ ಸೋದರಮಾವನೂ ಮಗನೂ ತಮ್ಮ ತಮ್ಮ ಮಾತು ಬಿಟ್ಟು ಅದನ್ನೇ ಹಿಡಿದುಕೊಂಡರು. ಅವಳ ತೀರ್ಮಾನ. ಯಾರೇನು ಮಾಡಕ್ಕಾಗುತ್ತೆ?

*

ಎಂಟು ತಿಂಗಳ ಹಿಂದೆ ಗಂಡಹೆಂಡತಿ ಕ್ಲಿನಿಕ್ಕಿಗೆ ಹೋದದ್ದು ಟೈಂಕೀಪರರ ರಕ್ತದೊತ್ತಡ ತೋರಿಸಲು. ಹಳೆಯ ಡಾಕ್ಟರು ಬಿಟ್ಟುಹೋಗಿ, ಆ ಕುರ್ಚಿಗೆ ಚಿಕ್ಕ ವಯಸ್ಸಿನ ಹೆಣ್ಣುಮಗಳೊಬ್ಬರು ಬಂದಿದ್ದರು. ಅವರು ಗಂಡನ ತೋಳಿಗೆ ಪಟ್ಟಿ ಸುತ್ತಿ, ನೋಡಿ, ಬರೆದುಕೊಂಡರು. ಆಮೇಲೆ ಮೂಲೆಯ ಸ್ಟೂಲಿನ ಮೇಲೆ ಚೀಲ ತಬ್ಬಿಕೊಂಡು ಕೂತಿದ್ದ ಸೂಜಿಯಕ್ಕನ ಕಡೆ ತಿರುಗಿದರು.

"ನಿಮಗೆಷ್ಟು ವಯಸ್ಸಮ್ಮ?"

"ಎಪ್ಪತ್ತೊಂದು," ಎಂದರು ಟೈಂಕೀಪರು.

"ಕೆಮ್ಮು ಯಾವಾಗಿಂದ ಇದೆ?"

"ಅದು ಅವಳ ಕೆಲಸದ ಕೆಮ್ಮು. ಕಾಗದದ ಧೂಳು. ಮೊದಲಿಂದಲೂ ಇದೆ."

ಡಾಕ್ಟರು ಪೆನ್ನು ಕೆಳಗಿಟ್ಟರು. "ಸಾರ್, ನಾನು ಅವರನ್ನ ಕೇಳ್ತಿದೀನಿ."

ಸೂಜಿಯಕ್ಕ ಗಾಬರಿಯಿಂದ ಗಂಡನನ್ನೂ ಡಾಕ್ಟರನ್ನೂ ನೋಡಿದಳು. ಡಾಕ್ಟರು ಫೈಲು ತಿರುವಿ ಹೇಳಿದರು: ಆರು ವರ್ಷದ ಹಿಂದೆ ಇಬ್ಬರಿಗೂ ನ್ಯುಮೋನಿಯಾದ ಹಳೆಯ ಲಸಿಕೆ ಹಾಕಿದ್ದಾರೆ. ಅದರ ಶಕ್ತಿ ಬರುಬರುತ್ತ ಕಡಿಮೆಯಾಗುತ್ತದೆ. ಈಗ ಹೊಸದೊಂದಿದೆ, ಒಂದು ಸಲ ಹಾಕಿಸಿಕೊಂಡರೆ ಸಾಕು. "ಎಲ್ಲ ತರದ ನ್ಯುಮೋನಿಯಾನೂ ತಡೆಯುತ್ತೆ ಅಂತ ನಾನು ಹೇಳಲ್ಲ. ಆದ್ರೆ ಬಂದು ಜೀವಕ್ಕೇ ಕುತ್ತಾಗೋದು ಕಮ್ಮಿ. ತೋಳು ನೋಯಬಹುದು. ಒಂದೆರಡು ದಿನ ಜ್ವರ ಬರಬಹುದು."

"ನನಗೆ ಹಾಕಿಬಿಡಿ," ಎಂದು ಟೈಂಕೀಪರು ಆಗಲೇ ಅಂಗಿಯ ತೋಳು ಮೇಲೇರಿಸಿದರು. "ಅವಳಿಗೆ ಆಮೇಲೆ ನೋಡೋಣ. ಇಬ್ಬರಿಗೂ ಒಟ್ಟಿಗೆ ಜ್ವರ ಬಂದ್ರೆ ಅಡುಗೆ ಯಾರು ಮಾಡೋದು?"

ಅವರು ನಗೆಚಾಟಿಕೆಗೇ ಅಂದದ್ದು. ಡಾಕ್ಟರು ನಗಲಿಲ್ಲ. ಒಂದು ಮಡಚಿದ ಕಾಗದವನ್ನು ಸೂಜಿಯಕ್ಕನ ಕೈಯಲ್ಲೇ ಇಟ್ಟು, "ಇದನ್ನ ಓದಿ. ಏನು ಅನುಮಾನ ಇದ್ರೂ ಕೇಳಿ. ತೀರ್ಮಾನ ನಿಮ್ಮದಮ್ಮ. ಬೇಕು ಅನ್ನಿಸಿದ ದಿನ ಬನ್ನಿ," ಎಂದರು.

ಬಸ್ಸಿನಲ್ಲಿ ಸೂಜಿಯಕ್ಕ ಕಿಟಕಿಯ ಪಕ್ಕ ಕೂತು ಆ ಕಾಗದವನ್ನು ಮೊದಲಿಂದ ಕೊನೆಯವರೆಗೆ ಓದಿದಳು. ಓದಿ ಮುಗಿಸುವುದೇ ಅವಳಿಗೆ ಹೊಸದು. ಮುದ್ರಣಾಲಯದಲ್ಲಿ ಅವಳ ಕೈಗೆ ಬರುತ್ತಿದ್ದುದು ಹದಿನಾರು ಹದಿನಾರು ಪುಟದ ಬಿಡಿ ಫಾರಂಗಳು. ಮಡಚಿ, ಮೂಳೆಯ ಪಟ್ಟಿಯಿಂದ ಮಡಿಕೆ ತೀಡಿ, ಜೋಡಿಸಿ, ಬೆನ್ನಿಗೆ ಸೂಜಿ ಹಾಕುವ ನಡುವೆ ಕಣ್ಣಿಗೆ ಬಿದ್ದಷ್ಟೇ ಓದು. ನೂರಾರು ಕಾದಂಬರಿಗಳ ಮೂವತ್ತಮೂರನೆಯ ಪುಟದಿಂದ ನಲವತ್ತೆಂಟನೆಯ ಪುಟದವರೆಗೆ ಏನಾಯಿತೆಂದು ಅವಳು ಹೇಳಬಲ್ಲಳು. ಯಾರು ಯಾರನ್ನು ಮದುವೆಯಾದರೆಂದು ಕೇಳಬಾರದು.

ಅವಳದೇ ಮದುವೆ ಅವಳಪ್ಪನ ತೀರ್ಮಾನ. ಕೆಲಸಕ್ಕೆ ಸೇರಿದ್ದು ಡಿಪೋದಲ್ಲಿ ಮುಷ್ಕರ ನಡೆದ ವರ್ಷ, ಗಂಡನ ತೀರ್ಮಾನ. ಮುಷ್ಕರ ಮುಗಿದ ಮೇಲೂ ದುಡಿದದ್ದು ಯಾರ ತೀರ್ಮಾನವೂ ಅಲ್ಲ, ಬಿಡು ಎಂದು ಯಾರೂ ಹೇಳಲಿಲ್ಲ ಅಷ್ಟೆ. ಕೊನೆಗೆ ಬಿಟ್ಟದ್ದು ಮಡಚುವ ಯಂತ್ರ ಬಂದಾಗ. ಗೋಡೆಯ ಬಣ್ಣ ಮಗನದು. ಕನ್ನಡಕದ ಚೌಕಟ್ಟು ಕೂಡ, ಇದು ಬಾಳಿಕೆ ಬರುತ್ತೆ ಎಂದು ಗಂಡ ಆರಿಸಿದ್ದು.

ಆ ರಾತ್ರಿಯ ಅಡುಗೆ ಅವಳೇ ಮಾಡಿದಳು. ಟೈಂಕೀಪರರ ತೋಳು ನೋಯುತ್ತಿತ್ತು.

*

ಮಾರನೆಯ ದಿನದಿಂದ ಮನೆಯಲ್ಲಿ ಹಿಂದೆಂದೂ ಇಲ್ಲದ ಒಂದು ಪ್ರಶ್ನೆ ಶುರುವಾಯಿತು: "ಏನು ತೀರ್ಮಾನ ಮಾಡ್ದೆ?"

ಟವೆಲ್ ಎಲ್ಲಿ, ಕೀ ಎಲ್ಲಿ, ಊಟ ಆಯ್ತಾ ಎಂಬುದನ್ನು ಬಿಟ್ಟು ಅವಳನ್ನು ಯಾರೂ ಏನೂ ಕೇಳಿದ್ದಿಲ್ಲ. ಈಗ ಊಟಕ್ಕೆ ಕೂತಾಗ ಮಗ ಕೇಳುತ್ತಿದ್ದ. ಅವಳು ಬಡಿಸುವ ಸೌಟನ್ನು ಪಾತ್ರೆಯಲ್ಲಿ ಇಟ್ಟು, ಸೆರಗಿಗೆ ಕೈ ಒರೆಸಿಕೊಂಡು, "ಯೋಚನೆ ಮಾಡ್ತಿದೀನಿ," ಎನ್ನುತ್ತಿದ್ದಳು. ಎಲ್ಲರೂ ತಿನ್ನುವುದನ್ನು ನಿಲ್ಲಿಸಿ ಅವಳ ಕಡೆ ನೋಡುತ್ತಿದ್ದರು.

ಸೂಜಿಯಕ್ಕನ ತಮ್ಮ ಒಂದು ಸಂಜೆ ಔಷಧಿ ಅಂಗಡಿ ಮುಚ್ಚಿ ನೇರವಾಗಿ ಬಂದ. ಕೂತವನೇ, "ಇದೊಂದು ಮೋಸ ನೋಡಕ್ಕ," ಎಂದ. "ನೀನು ಹಾಕಿಸ್ಕೊಂಡಿರೋ ಹಳೇದರಲ್ಲಿ ಇಪ್ಪತ್ತಮೂರು ತರದ ರೋಗಾಣುಗೆ ತಡೆ ಇದೆ. ಇವರ ಹೊಸದರಲ್ಲಿ ಇಪ್ಪತ್ತೇ. ಮೂರು ಕಮ್ಮಿ ಮಾಡಿ ಹೊಸದು ಅಂತಾರೆ! ನಿನ್ನದೇ ದೊಡ್ಡದು. ಸುಮ್ನೆ ಇರು."

"ಇನ್ನೂರು ಪುಟದ ಪುಸ್ತಕಕ್ಕೆ ಬರೀ ಗೋಂದು ಹಚ್ಚಿ ಕೊಟ್ರೆ ಎಷ್ಟು ದಿನ ಬರುತ್ತೋ?"

"ಏನು?"

"ನೂರೈವತ್ತೇ ಪುಟ ಇರಲಿ, ಹೊಲಿದದ್ದಾದ್ರೆ ಮೊಮ್ಮಕ್ಕಳ ಕಾಲಕ್ಕೂ ಬಿಡಲ್ಲ. ಹಳೇದು ಬೇಗ ಬಿಟ್ಕೊಳ್ಳುತ್ತೆ, ಹೊಸದನ್ನ ಮೈ ನೆನಪಿಟ್ಕೊಳ್ಳುತ್ತೆ. ಮೊನ್ನೆ ಕ್ಲಿನಿಕ್ಕಿನ ನರ್ಸಮ್ಮಂಗೆ ಫೋನ್ ಮಾಡಿ ಕೇಳ್ದೆ. ನೀನು ಪುಟ ಎಣಿಸ್ತಿದೀಯ."

ತಮ್ಮ ತಕ್ಷಣ ವರಸೆ ಬದಲಿಸಿದ. "ಇಷ್ಟು ಗೊತ್ತಿದ್ಮೇಲೆ ಹೋಗಿ ಹಾಕಿಸ್ಕೊ ಮತ್ತೆ. ಜೀವಮಾನವೆಲ್ಲ ಸೂಜಿ ಹಿಡಿದವಳಿಗೆ ಒಂದು ಸೂಜಿ ಕಂಡ್ರೆ ಭಯಾನಾ?"

"ಭಯ ಯಾಕೆ? ಯೋಚನೆ ಮಾಡ್ತಿದೀನಿ."

ಟೈಂಕೀಪರು ಪೇಪರಿನ ಹಿಂದಿನಿಂದ, "ಮಹಾರಾಣಿಯವರ ಸವಾರಿ ಯಾವಾಗ ಹೊರಡುತ್ತೆ ಅಂತ ಹೇಳಿದ್ರೆ ನಾನೂ ಟೈಂ ಬರ್ಕೊತೀನಿ," ಎಂದರು. ತಮ್ಮ ನಕ್ಕ. ಸೂಜಿಯಕ್ಕನೂ ನಕ್ಕಳು. ಆ ದಿನಗಳಲ್ಲಿ ಅವಳು ಬೇಗ ನಗುತ್ತಿದ್ದಳು.

ಮಗಳು ಊರಿನ ಆಚೆ ಬದಿಯಲ್ಲಿದ್ದಳು. ನೀರು ಸರಬರಾಜಿನ ಕಚೇರಿಯಲ್ಲಿ ಕೌಂಟರಿನ ಕೆಲಸ. ತಾಯಿ ದಿನ ಬಿಟ್ಟು ದಿನ ಅವಳಿಗೆ ಫೋನ್ ಮಾಡಿ ಕಾಗದದಲ್ಲಿನ ಒಂದೊಂದು ಮಾತು ಹಿಡಿದು ಕೇಳುತ್ತಿದ್ದಳು. ಮೊದಮೊದಲು ಮಗಳಿಗೆ ಅದು ಇಷ್ಟವಾಗಿತ್ತು. ಅಮ್ಮ ತನ್ನ ಸ್ವಂತ ವಿಷಯ ಮಾತಾಡಿದ್ದನ್ನು ಅವಳು ಮೊದಲು ಕೇಳಿದ್ದೇ ಆಗ. ಐದು ತಿಂಗಳಾದ ಮೇಲೆ ಆ ಇಷ್ಟ ಸವೆದಿತ್ತು. ಬಿಲ್ಲು ಕಟ್ಟಲು ಕೊನೆಯ ದಿನ, ಒಂದು ಮಂಗಳವಾರ, ಕೌಂಟರಿನ ಮುಂದೆ ಸಾಲು ಗೇಟಿನವರೆಗೆ ಬೆಳೆದಿರುವಾಗ ಫೋನ್ ಬಂತು.

"ಮಗಳೇ, ನಾಳೆ ನಿನಗೆ ಬಿಡುವಿದೆಯಾ?"

"ಅಮ್ಮ, ಆ ಲಸಿಕೆ ವಿಷಯಾನಾ? ಇಲ್ಲಿ ನಲವತ್ತು ಜನ ನಿಂತಿದಾರೆ. ಹಾಕಿಸ್ಕೊತೀಯಾ ಹಾಕಿಸ್ಕೊ, ಬಿಡ್ತೀಯಾ ಬಿಡು. ಸಣ್ಣ ಮಕ್ಕಳ ಹಾಗೆ ಎಲ್ಲರನ್ನೂ ಕುಣಿಸ್ಬೇಡ."

"ಸರಿ, ಕೆಲಸ ನೋಡ್ಕೊ," ಎಂದಳು ತಾಯಿ.

ಆಮೇಲೆ ಸೂಜಿಯಕ್ಕ ಲಸಿಕೆಯ ಮಾತು ಎತ್ತಲಿಲ್ಲ. ಕೇಳಿದರೆ, ಸೌಟು ಕೆಳಗಿಡದೆಯೇ "ನೋಡೋಣ" ಎನ್ನುತ್ತಿದ್ದಳು. ಒಂದೆರಡು ವಾರದಲ್ಲಿ ಕೇಳುವವರೂ ಬಿಟ್ಟರು.

*

ಮಧ್ಯಾಹ್ನ ಒಂದು ಗಂಟೆಗೆ ನೀಲಿ ಕೋಟಿನ ಹೆಂಗಸೊಬ್ಬಳು ಬಾಗಿಲಲ್ಲಿ ನಿಂತು ಒಳಗೆ ಬರಲೋ ಬೇಡವೋ ಎಂದು ನೋಡುತ್ತಿದ್ದಳು. ಮಗಳು ಎದ್ದು ಹೋದಳು.

"ನಾನು ಕ್ಲಿನಿಕ್ಕಿನ ನರ್ಸು. ಬೆಳಗ್ಗೆ ಗೊತ್ತಾಯ್ತು. ಊಟದ ಹೊತ್ತಲ್ಲಿ ಬಂದೆ, ಬೇಗ ಹೋಗ್ಬೇಕು."

ಅವಳು ಸೂಜಿಯಕ್ಕನ ಕಾಲ ಬಳಿ ಕೂತು, ಹೊದಿಕೆಯ ಅಂಚನ್ನು ಸರಿಮಾಡಿದಳು. ಆಸ್ಪತ್ರೆಯವರಿಗೆ ಹೊದಿಕೆ ಕಂಡರೆ ಕೈ ತಾನಾಗಿ ಹೋಗುತ್ತದೆ. ಆಮೇಲೆ ಮಗಳ ಕಿವಿಯ ಬಳಿ ಮೆಲ್ಲಗೆ ಕೇಳಿದಳು, "ಆಮೇಲೆ ಬೇರೆ ಕಡೆ ಎಲ್ಲಾದ್ರೂ ಹಾಕಿಸಿದ್ರಾ?"

"ಏನನ್ನ?"

"ಲಸಿಕೆ. ಅವತ್ತು ಬಂದಾಗ ನಮ್ಮಲ್ಲಿ ಆಗ್ಲಿಲ್ವಲ್ಲ."

"ಯಾವತ್ತು ಬಂದಿದ್ರು?"

ನರ್ಸು ಮಗಳ ಮುಖ ನೋಡಿದಳು. ಆಮೇಲೆ ಅವಳ ಕಣ್ಣು ಹಾಲಿನ ಆಚೆ ಬದಿಯಲ್ಲಿ ಕೂತಿದ್ದ ಟೈಂಕೀಪರರ ಕಡೆ ಹೋಗಿ ತಕ್ಷಣ ಹಿಂದೆ ಬಂತು. "ನಿಮಗೆ ಗೊತ್ತಿರುತ್ತೆ ಅಂದ್ಕೊಂಡೆ. ಯಜಮಾನ್ರಿಗೆ ಗೊತ್ತಲ್ಲ," ಎಂದಳು. ಅಂದಮೇಲೆ, ಅನ್ನಬಾರದಿತ್ತು ಎಂದು ಅವಳಿಗೇ ಅರ್ಥವಾಯಿತು.

ಮಗ ಸೋದರಮಾವನ ಜೊತೆ ಸ್ಮಶಾನದ ಕಚೇರಿಗೆ ಹೋಗಿದ್ದ. ಟೈಂಕೀಪರು ಹೊಸದಾಗಿ ಬಂದ ಇಬ್ಬರಿಗೆ, "ಡಾಕ್ಟ್ರೇ ಹೇಳಿದ್ರು, ತೀರ್ಮಾನ ಅವರದು ಅಂತ," ಎಂದು ಶುರುಮಾಡಿದ್ದರು. ಮಗಳು ನರ್ಸಿನ ಮೊಣಕೈ ಹಿಡಿದು ಹಿತ್ತಲಿಗೆ ಕರೆದುಕೊಂಡು ಹೋದಳು. ತಂತಿಯ ಮೇಲೆ ಐದು ದಿನದ ಹಿಂದಿನ ಬಟ್ಟೆಗಳು ಹಾಗೇ ಒಣಗಿ ಗರಿಗರಿಯಾಗಿದ್ದವು.

"ಎಲ್ಲಾ ಹೇಳಿ," ಎಂದಳು.

*

ಅದೊಂದು ಬುಧವಾರ. ಬೆಳಗ್ಗೆ ಒಂಬತ್ತೂವರೆಗೆ ಸೂಜಿಯಕ್ಕ ಒಬ್ಬಳೇ ಕ್ಲಿನಿಕ್ಕಿಗೆ ಬಂದಳು. ಬರುವಾಗಲೇ ರವಿಕೆಯ ಎಡತೋಳನ್ನು ಮೊಣಕೈ ಮೇಲಕ್ಕೆ ಮಡಚಿಕೊಂಡಿದ್ದಳು. ನರ್ಸನ್ನು ಕಂಡವಳೇ ಹತ್ತಿರ ಬಂದು, "ನಾನೇ ಕಣಮ್ಮ, ಫೋನ್ ಮಾಡಿ ತಲೆ ತಿಂತಿದ್ನಲ್ಲ. ತೀರ್ಮಾನ ಮಾಡ್ದೆ," ಎಂದಳು. "ಎರಡು ದಿನಕ್ಕಾಗೋಷ್ಟು ಅಡುಗೆ ಮಾಡಿಟ್ಟು ಬಂದಿದೀನಿ. ಜ್ವರ ಬಂದ್ರೂ ಯಾರಿಗೂ ತೊಂದ್ರೆ ಇಲ್ಲ."

ಆ ದಿನ ಡಾಕ್ಟರು ರಜೆಯಲ್ಲಿದ್ದರು. ಕೌಂಟರಿನವನು ಫೈಲು ತೆಗೆದು ವಯಸ್ಸು ನೋಡಿದ.

"ಜೊತೆಗೆ ಯಾರು ಬಂದಿದಾರೆ?"

"ಯಾರೂ ಇಲ್ಲ. ನಾನೇ."

"ಎಪ್ಪತ್ತು ದಾಟಿದವರಿಗೆ ಜೊತೆಗೆ ಮನೆಯವರು ಇರ್ಬೇಕಮ್ಮ. ಇಲ್ಲಿ ಅವರ ಸಹಿ ಬೇಕು."

"ನಾನು ಹಾಕ್ತೀನಿ ಸಹಿ. ಬರುತ್ತೆ ನನಗೆ."

"ನಿಮ್ಮದಲ್ಲ. ಯಜಮಾನ್ರದ್ದೋ ಮಗನದ್ದೋ."

"ಡಾಕ್ಟ್ರು ನನ್ನ ತೀರ್ಮಾನ ಅಂದಿದ್ರಪ್ಪ."

"ತೀರ್ಮಾನ ನಿಮ್ದೇ ಅಮ್ಮ," ಎಂದ ಅವನು. ಬೇಸರವಿಲ್ಲದೆ, ದಿನಕ್ಕೆ ಹತ್ತು ಸಲ ಹೇಳುವವರ ದನಿಯಲ್ಲಿ. "ಸಹಿ ಮಾತ್ರ ಅವರದು."

ನರ್ಸಿಗೆ ಪಾಪ ಅನ್ನಿಸಿತು. ಒಂದು ಮಾತು ಫೋನಿನಲ್ಲಿ ಒಪ್ಪಿಗೆ ಸಿಕ್ಕರೆ ಸಾಕು, ಬರೆದುಕೊಂಡು ಹಾಕಿಬಿಡೋಣ ಎಂದು ಕೌಂಟರಿನವನನ್ನು ಒಪ್ಪಿಸಿದಳು. ಫೈಲಿನಲ್ಲಿದ್ದ ನಂಬರಿಗೆ ಅವಳೇ ಫೋನ್ ಮಾಡಿದಳು. ಸೂಜಿಯಕ್ಕನಿಗೂ ಕೇಳಲಿ ಎಂದು ಸ್ಪೀಕರ್ ಹಾಕಿದಳು.

"ಒಬ್ಬಳೇ ಬಂದಿದಾಳಾ? ಯಾರನ್ನ ಕೇಳಿ ಬಂದಳಂತೆ?" ಟೈಂಕೀಪರರ ದನಿ ಡಿಪೋದ ಅಂಗಳಕ್ಕೆ ಕೇಳಿಸುವಷ್ಟು ದೊಡ್ಡದು. ಬೆಂಚುಗಳ ಮೇಲೆ ಕಾಯುತ್ತಿದ್ದವರು ತಲೆಯೆತ್ತಿದರು. "ಏನೂ ಬೇಡ. ಕಳಿಸಿ ಮನೆಗೆ. ಅವಳು ಕುಣಿದ ಹಾಗೆ ನೀವೂ ಕುಣಿಯೋದಾ?"

ಫೋನ್ ಕಡಿಯಿತು.

ಸೂಜಿಯಕ್ಕ ಅಳಲಿಲ್ಲ. ರವಿಕೆಯ ತೋಳಿನ ಮಡಿಕೆಗಳನ್ನು ಒಂದೊಂದಾಗಿ ಬಿಚ್ಚಿ ಕೆಳಗಿಳಿಸಿದಳು. ಬಟ್ಟೆಯ ಮೇಲೆ ಉಳಿದ ಗೆರೆಗಳನ್ನು ಹೆಬ್ಬೆರಳ ಉಗುರಿನಿಂದ ತೀಡಿದಳು, ಫಾರಂ ತೀಡುವ ಹಾಗೆ. "ನಿನಗೆ ತೊಂದ್ರೆ ಕೊಟ್ಟೆ ಮಗಳೇ," ಎಂದು ನರ್ಸಿಗೆ ಹೇಳಿದಳು. ಹೋಗುವಾಗ ಕೌಂಟರಿನವನಿಗೂ ತಲೆಬಾಗಿಸಿ ಹೋದಳು.

*

"ಯಜಮಾನ್ರು ಕರ್ಕೊಂಡು ಬರ್ತಾರೆ ಅಂತ ಆ ವಾರವೆಲ್ಲ ನೋಡ್ದೆ," ಎಂದಳು ನರ್ಸು. "ಆಮೇಲೆ ನನ್ನ ಕೆಲಸದಲ್ಲಿ ಮರ್ತೇಬಿಟ್ಟೆ. ಸ್ಪೀಕರ್ ಹಾಕ್ಬಾರ್ದಿತ್ತು ನಾನು."

ಮಗಳಿಗೆ ಕೌಂಟರಿನವನ ಮೇಲೆ ಸಿಟ್ಟು ಬರಲಿಲ್ಲ. ಬರಿಸಿಕೊಳ್ಳಲು ನೋಡಿದಳು, ಆಗಲಿಲ್ಲ. ಮೀಟರು ನಿಮ್ಮ ಹೆಸರಲ್ಲಿಲ್ಲಮ್ಮ, ಯಜಮಾನ್ರ ಸಹಿ ಮಾಡಿಸ್ಕೊಂಡು ಬನ್ನಿ ಎಂದು ಅವಳೇ ಈ ತಿಂಗಳು ಎಷ್ಟು ಹೆಂಗಸರನ್ನು ಗಾಜಿನ ಆಚೆಯಿಂದ ವಾಪಸ್ಸು ಕಳಿಸಿದ್ದಳೋ. ಅದೇ ದನಿ, ಅದೇ ಬೇಸರವಿಲ್ಲದಿರುವಿಕೆ. ಮತ್ತೆ ಆ ಮಂಗಳವಾರ. ನಾಳೆ ನಿನಗೆ ಬಿಡುವಿದೆಯಾ ಎಂದಷ್ಟೇ ಅಮ್ಮ ಕೇಳಿದ್ದು. ಜೊತೆಗೆ ಬಾ ಎಂದು ಕರೆಯಲು.

ನರ್ಸನ್ನು ಹಿತ್ತಲ ಬಾಗಿಲಿಂದಲೇ ಕಳಿಸಿ ಅವಳು ಒಳಗೆ ಬಂದಾಗ ಟೈಂಕೀಪರು ಹಾಲಿನಲ್ಲಿರಲಿಲ್ಲ. ಮೂರು ಗಂಟೆಗೆ ವ್ಯಾನು ಬರುವುದಿತ್ತು. ಅಂಗಿ ಬದಲಾಯಿಸಲು ಕೋಣೆಗೆ ಹೋಗಿದ್ದರು. ಮಗಳು ಬಗ್ಗಿ ಮಂಚದ ಅಡಿಯಲ್ಲಿ ನುಸುಳಿ ಒಳಗೆ ಹೋದಳು.

"ಅಪ್ಪ, ಕ್ಲಿನಿಕ್ಕಿಂದ ನಿಮಗೆ ಫೋನ್ ಬಂದಿತ್ತಾ?"

"ಎಷ್ಟೋ ಫೋನ್ ಬರ್ತವೆ."

"ಅಮ್ಮ ಅಲ್ಲಿಗೆ ಒಬ್ಬಳೇ ಹೋಗಿದ್ದ ದಿನ."

ಅವರು ಗುಂಡಿ ಹಾಕುವುದನ್ನು ನಿಲ್ಲಿಸಿದರು. ಹೊರಗೆ ಯಾರೋ ಕೆಮ್ಮಿದರು. "ನನಗೊಂದು ಮಾತು ಹೇಳದೆ ಹೋಗಿದ್ದಳು," ಎಂದರು. "ಯಾರೋ ಗೊತ್ತಿಲ್ಲದ ಹೆಂಗಸು ಫೋನ್ ಮಾಡಿ, ನಿಮ್ಮ ಮನೆಯವರು ಇಲ್ಲಿದಾರೆ ಅಂತ ನನಗೇ ಹೇಳೋದಾ? ನನಗೆ ಹೇಗಾಗಿರ್ಬೇಡ?"

"ಆಮೇಲೆ?"

"ಆಮೇಲೆ ಏನು? ಮಾರನೇ ದಿನವೇ ಕರ್ಕೊಂಡು ಹೋಗ್ತಿದ್ದೆ. ನಾನೇನು ಬೇಡ ಅನ್ನೋನಾ? ಬಾಯಿಬಿಟ್ಟು ಒಂದು ಸಲ ಕೇಳಲಿ ಅಂತ ಇದ್ದೆ. ರೀ, ಕರ್ಕೊಂಡು ಹೋಗಿ ಅಂತ. ಅಷ್ಟೇ."

"ಅದಾಗಿ ಹನ್ನೊಂದು ವಾರ ಅಪ್ಪ."

"ಅವಳೂ ಕೇಳಲಿಲ್ಲ. ದಿನಾ ಬೆಳಗ್ಗೆ ಇವತ್ತು ಕೇಳ್ತಾಳೆ, ಇವತ್ತು ಕೇಳ್ತಾಳೆ ಅಂತ ನೋಡ್ತಿದ್ದೆ. ಕಾಫಿ ತಂದಿಡೋಳು, ಹೋಗೋಳು." ಅವರ ದನಿ ಏರಿತು, ತಾನಾಗಿಯೇ ಇಳಿಯಿತು. "ಹಟ ಅವಳಿಗೂ ಇತ್ತು. ನಿಮಗೆ ಯಾರಿಗೂ ಗೊತ್ತಿಲ್ಲ, ಬಹಳ ಹಟ ಇತ್ತು."

"ಬೆಳಗ್ಗೆಯಿಂದ ಬಂದವರಿಗೆಲ್ಲ ಅವಳ ತೀರ್ಮಾನ, ಅವಳ ತೀರ್ಮಾನ ಅಂತಿದೀರಲ್ಲ."

ಅವರು ಉಳಿದ ಎರಡು ಗುಂಡಿಗಳನ್ನು ಹಾಕಲು ನೋಡಿದರು. ಬೆರಳು ಕೂಡಲಿಲ್ಲ. ಮಗಳು ಹತ್ತಿರ ಹೋಗಲಿಲ್ಲ. ಕೊನೆಗೆ ಅವರು ಅಂಗಿಯನ್ನು ಹಾಗೇ ಬಿಟ್ಟು, ಅವಳ ಕಡೆ ನೋಡದೆ ಕೇಳಿದರು:

"ಆಸ್ಪತ್ರೆ ಡಾಕ್ಟ್ರ ಜೊತೆ ನೀನೇ ಮಾತಾಡಿದ್ದಲ್ವಾ? ಅದನ್ನ ಹಾಕಿಸಿದ್ರೆ... ಉಳೀತಿದ್ದಳಾ?"

ಹಿಂದಿನ ಸಂಜೆ ಆಸ್ಪತ್ರೆಯ ಕಾರಿಡಾರಿನಲ್ಲಿ ಅದೇ ಪ್ರಶ್ನೆಯನ್ನು ಮಗಳು ಕೇಳಿದ್ದಳು. ಡಾಕ್ಟರು ನಿಂತು, ಯೋಚಿಸಿ, ಪ್ರಾಮಾಣಿಕವಾಗಿ ಹೇಳಿದ್ದರು: ಹೇಳಕ್ಕಾಗಲ್ಲಮ್ಮ. ಯಾವ ರೋಗಾಣು ಅಂತಲೇ ನಮಗೆ ಸಿಗಲಿಲ್ಲ. ಉಳೀಬಹುದಿತ್ತು, ಉಳೀದೇನೂ ಇರಬಹುದಿತ್ತು. ಮನಸ್ಸಿಗೆ ಹಚ್ಕೋಬೇಡಿ.

ಆ ಮಾತನ್ನು ಅವಳು ಇಲ್ಲಿಯವರೆಗೆ ತನಗಾಗಿ ಇಟ್ಟುಕೊಂಡಿದ್ದಳು. ಅಪ್ಪ ಈಗ ಬಾಗಿದ ಕುತ್ತಿಗೆಯಲ್ಲಿ, ತೆರೆದ ಅಂಗಿಯಲ್ಲಿ, ಅದಕ್ಕಾಗಿಯೇ ನಿಂತಿದ್ದರು. ಕೊಟ್ಟಿದ್ದರೆ ಅದರಲ್ಲಿ ಅವರಿಗೂ ಸಾಕಾಗುವಷ್ಟು ಸಮಾಧಾನವಿತ್ತು.

"ಉಳೀತಿದ್ದಳು," ಎಂದಳು ಮಗಳು.

"ಡಾಕ್ಟ್ರು ಹಾಗಂದ್ರಾ?"

"ಹಾಗೇ ಅಂದ್ರು."

ಅವರು ತಲೆಯಾಡಿಸಿದರು, ಬಹಳ ಹೊತ್ತು, ಯಾರೋ ದಾರಿ ಹೇಳಿದ್ದನ್ನು ನೆನಪಿಟ್ಟುಕೊಳ್ಳುವವರಂತೆ. ಮಗಳು ಮಂಚದಡಿ ನುಸುಳಿ ಹೊರಗೆ ಬಂದಳು. ಏಳುವಾಗ ತಲೆ ಮಂಚದ ಪಟ್ಟಿಗೆ ಬಡಿಯಿತು. ಕಣ್ಣಲ್ಲಿ ನೀರು ಬಂತು. ಪೆಟ್ಟಿನ ನೋವಿಗೇ ಬಂದದ್ದೆಂದುಕೊಂಡು ಒರೆಸಿಕೊಂಡಳು.

ಮೂರು ಗಂಟೆಗೆ ವ್ಯಾನು ಬಂತು. ಸ್ಮಶಾನದ ಕಾಯುವ ಕೋಣೆಯಲ್ಲಿ ಇವರಿಗಿಂತ ಮುಂಚೆ ಬಂದ ಎರಡು ಕುಟುಂಬಗಳಿದ್ದವು. ಬೆಂಚಿನ ಮೇಲಿದ್ದ ಅಪರಿಚಿತ ಮುದುಕನೊಬ್ಬ ಟೈಂಕೀಪರರ ಕಡೆ ಬಾಗಿ, "ನಿಮ್ಮ ಮನೆಯವರಾ? ಏನಾಗಿತ್ತು?" ಎಂದ. ಸೋದರಮಾವ ಅಭ್ಯಾಸದಂತೆ ಟೈಂಕೀಪರರ ಬಾಯನ್ನೇ ನೋಡಿದ. ಅವರು ತುಟಿ ತೆರೆದರು. ಆಮೇಲೆ ತಲೆ ತಗ್ಗಿಸಿ, ಹಾಕದೆ ಬಿಟ್ಟಿದ್ದ ಗುಂಡಿಗಳಿಗೆ ಕೈಹಾಕಿದರು.

"ನ್ಯುಮೋನಿಯಾ," ಎಂದ ಮಗ ಕೊನೆಗೆ. "ಅವರ..." ಎಂದು ಮುಂದುವರಿಸಲು ಹೋಗಿ, ಪಕ್ಕದಲ್ಲಿದ್ದ ತನ್ನ ಅಕ್ಕನ ಮುಖ ಕಂಡು ನಿಲ್ಲಿಸಿದ.

ಅವರ ಸರದಿ ನಾಲ್ಕೂಕಾಲಿಗೆ ಬಂತು. ವಿದ್ಯುತ್ ಚಿತಾಗಾರದ ಕಬ್ಬಿಣದ ಬಾಗಿಲು ಮೇಲೆದ್ದು, ಹಲಗೆ ಒಳಗೆ ಸರಿದು, ಬಾಗಿಲು ಮುಚ್ಚಿತು. ಎಲ್ಲ ಸೇರಿ ಒಂದು ನಿಮಿಷ.

ಮನೆಗೆ ಮರಳಿದಾಗ ಇನ್ನೂ ಬೆಳಕಿತ್ತು. ಹಾಲಿನ ನೆಲವನ್ನು ಯಾರೋ ತೊಳೆದಿದ್ದರು. ಟೈಲರನ ಸೊಸೆ ದೊಡ್ಡ ಫ್ಲಾಸ್ಕಿನಲ್ಲಿ ಕಾಫಿ ತಂದು, ಲೋಟಗಳನ್ನು ಪಕ್ಕದಲ್ಲಿ ಮಗುಚಿಟ್ಟು ಹೋಗಿದ್ದಳು. ಮಗ ಬಗ್ಗಿಸಿಕೊಂಡು ಕುಡಿದ. ಸೋದರಮಾವ ಕುಡಿದು, ಅಂಗಡಿ ತೆರೆದು ಬರುತ್ತೇನೆಂದು ಹೊರಟ. ಅಪ್ಪನಿಗೆ ಇನ್ನೊಬ್ಬರು ಕೊಟ್ಟಿರುತ್ತಾರೆಂದು ಪ್ರತಿಯೊಬ್ಬರೂ ಅಂದುಕೊಂಡರು.

ಟೈಂಕೀಪರು ತಮ್ಮ ಕುರ್ಚಿಯಲ್ಲಿ ಕೂತಿದ್ದರು. ಫ್ಲಾಸ್ಕು ಅವರ ಬಲಗೈಯಿಂದ ಒಂದು ಮೊಳ ದೂರದಲ್ಲಿತ್ತು. ಅವರು ಅದನ್ನು ನೋಡಿದರು, ಅಡುಗೆಮನೆಯ ಬಾಗಿಲನ್ನು ನೋಡಿದರು, ಮತ್ತೆ ಫ್ಲಾಸ್ಕನ್ನು ನೋಡಿದರು. ಅಡುಗೆಮನೆಯ ಬಾಗಿಲಿಗೆ ಒರಗಿ ಮಗಳು ನಿಂತಿದ್ದಳು, ಕೈಯಲ್ಲಿ ಒಂದು ಖಾಲಿ ಲೋಟ ಹಿಡಿದುಕೊಂಡು, ಬಾಯಿಬಿಟ್ಟು ಒಂದು ಸಲ ಕೇಳಲಿ ಎಂದು. ಹೊರಗೆ ಬೀದಿಯಲ್ಲಿ ಬಸ್ಸೊಂದು ಬಂದು, ನಿಂತು, ಹೋಯಿತು. ಅವರ ಕೈ ಮಂಡಿಯ ಮೇಲೇ ಇತ್ತು.